ಫೋರ್ಟ್‌ನ ಫ್ರೀಮೇಸನ್ ಲಾಡ್ಜ್ ಸೇರಬಹುದಾ? ಒಳಗಿದ್ದವರು, ಬಿಟ್ಟು ಬಂದವರು ಸ್ವಲ್ಪ ಹೇಳಿ

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ನೀವು ಅಂದುಕೊಂಡ ಲಾಡ್ಜ್ ಅಲ್ಲ. ಮೊನ್ನೆ ಮನೆಯಲ್ಲಿ "ಆಫೀಸಿನವರೊಬ್ಬರು ಲಾಡ್ಜಿನ ವಿಷಯ ಹೇಳ್ತಿದ್ರು, ಸೇರೋಣ ಅಂತಿದ್ದೇನೆ" ಅಂದೆ. ಹೆಂಡತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಬಿಡಿಸಿ ಹೇಳುವಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿಹೋಗಿತ್ತು.

ವಿಷಯ ಇಷ್ಟೇ. ನನಗೆ 41 ವರ್ಷ. ಮೂಲ ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಇಲ್ಲೇ ಮುಂಬೈಯಲ್ಲಿ. ಫೋರ್ಟ್‌ನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮಲ್ಲಿಗೆ ಆಡಿಟ್‌ಗೆ ಬರುವ ಪಾರ್ಸಿ ಹಿರಿಯರೊಬ್ಬರ ಉಂಗುರದಲ್ಲಿ ಒಂದು ಗುರುತಿದೆ. ಗಾರೆಯವರು ಮೂಲೆ ನೋಡುವ ಮಟ್ಟ, ಅದರ ಮೇಲೆ ಕೈವಾರ. ಏನಿದು ಅಂತ ನಾನೇ ಕೇಳಿದೆ. ಫ್ರೀಮೇಸನ್ ಅಂದರು. ಹಳೇ ಕಾಲದ ಕಲ್ಲು ಕೆಲಸದವರ ಗುರುತು, ವಿಧಿಗಳನ್ನು ಇಟ್ಟುಕೊಂಡ ಗಂಡಸರ ಸಂಘವಂತೆ, ಅದರ ಒಂದೊಂದು ಶಾಖೆಗೂ ಲಾಡ್ಜ್ ಅನ್ನುತ್ತಾರಂತೆ. ಸೇರಬಹುದಾ ಅಂತಲೂ ನಾನೇ ಕೇಳಿದೆ. "ಆರು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳು" ಅಂದರು. ಆರು ತಿಂಗಳು ಮುಗಿಯಿತು.

ದುಡ್ಡು ಎಷ್ಟು ಬೇಕು? ದೇವರು, ಧರ್ಮದ ತಕರಾರು ಇದೆಯಾ? ನಾನು ಕನ್ನಡ ಮೀಡಿಯಂ, ಅಲ್ಲಿ ಎಲ್ಲ ಇಂಗ್ಲಿಷ್ ಅಂತೆ, ನಡೆಯುತ್ತದಾ? ಕೊನೆಗೆ, ಇದರಿಂದ ಸಿಗುವುದಾದರೂ ಏನು?

ಕುರ್ಲಾ ಹೋಟೆಲಿನವ

ನನ್ನದೇ ಲಾಡ್ಜ್ ಇದೆ ಮಾರಾಯ್ರೆ. 14 ರೂಮು. ಸೇರಲು ಯಾರ ವೋಟೂ ಬೇಡ, ಆಧಾರ್ ಕಾರ್ಡ್ ಸಾಕು. ಬಿಸಿನೀರು ಬೆಳಗ್ಗೆ 6ರಿಂದ 9.

ಪುಣೆಕರ ಹುಬ್ಬಳ್ಳಿ

ಬ್ಯಾಡ್ರಿ. ಜಗತ್ತನ್ನ ಗುಟ್ಟಾಗಿ ಆಳೋ ಮಂದಿ ಅಂತಾರ ಅವರನ್ನ. ನೂರಾರು ವಿಡಿಯೋ ಅದಾವ, ನೋಡ್ರಿ. ಅದೂ ಅಲ್ದ ಬ್ರಿಟಿಷರು ಬಿಟ್ಟುಹೋದ ಕೋಟು-ಟೈ ನಾವ್ಯಾಕ ಹಾಕ್ಕೊಂಡು ಕುಂದರಬೇಕು?

ಡೊಂಬಿವಲಿ ಫಾಸ್ಟ್

ಜಗತ್ತನ್ನು ಆಳುವವರಾದರೆ ನಮ್ಮ ಆಡಿಟರ್ ಸಾಹೇಬರಿಗೆ 8.12ರ ಲೋಕಲ್‌ನಲ್ಲಿ ಒಂದು ಸೀಟಾದರೂ ಸಿಗಬೇಕಿತ್ತು ಅಲ್ವಾ. ಪಾಪ, ನಿಂತೇ ಬರುತ್ತಾರೆ.

ಮಾಟುಂಗಾ ಮಾಮ

ನಾನು 26 ವರ್ಷದಿಂದ ಮೇಸನ್. ಬ್ಯಾಂಕಿನಿಂದ ನಿವೃತ್ತ. ಮೈಸೂರಿನವನು, ಮಾಟುಂಗಾದಲ್ಲಿ ಮನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಆರು ತಿಂಗಳ ಮಾತು. ನಿಮ್ಮ ಆಡಿಟರ್ ಸರಿಯಾದ ಮನುಷ್ಯ. ನಮ್ಮಲ್ಲಿ ಹಳೇ ಪದ್ಧತಿ ಅದು, ನಾವಾಗಿ ಯಾರನ್ನೂ ಎಳೆದು ತರುವುದಿಲ್ಲ. ಬಯಸಿದವನೇ ಬಂದು ಕೇಳಬೇಕು. ಯಾರಾದರೂ ನಿಮ್ಮ ಬೆನ್ನು ಹತ್ತಿ "ಬನ್ನಿ ಸೇರಿ, ಲಾಭ ಇದೆ" ಅಂತ ಕರೆದರೆ ಅನುಮಾನಪಡಿ.

ಸೇರಲು ಬೇಕಾದದ್ದು: ಗಂಡಸಾಗಿರಬೇಕು, ವಯಸ್ಸಿಗೆ ಬಂದಿರಬೇಕು, ಒಳ್ಳೆಯ ಹೆಸರಿರಬೇಕು, ದೇವರನ್ನು ನಂಬಬೇಕು. ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ಲಾಡ್ಜಿನ ನಡುವೆ ಒಂದು ಪೀಠ ಇರುತ್ತದೆ. ಇಂಗ್ಲೆಂಡಿನಲ್ಲಿ ಅಲ್ಲಿ ಸಾಮಾನ್ಯವಾಗಿ ಬೈಬಲ್ ಒಂದೇ. ನಮ್ಮಲ್ಲಿ ಗೀತೆ, ಕುರಾನ್, ಬೈಬಲ್, ಪಾರ್ಸಿಗಳ ಅವೆಸ್ತಾ, ಸಿಖ್ಖರ ಗ್ರಂಥ ಒಂದರ ಪಕ್ಕ ಒಂದು. ನೀವು ನಿಮ್ಮದರ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತೀರಿ. ನನ್ನ ಜೊತೆ ಅದೇ ವರ್ಷ ಸೇರಿದವರಲ್ಲಿ ಒಬ್ಬ ಬೋಹ್ರಾ ಮುಸಲ್ಮಾನ, ಒಬ್ಬ ಸಿಂಧಿ. ಒಳಗೆ ರಾಜಕೀಯ, ಧರ್ಮ ಎರಡನ್ನೂ ಚರ್ಚಿಸುವಂತಿಲ್ಲ. ಚುನಾವಣೆಯ ದಿನಗಳಲ್ಲಿ ಮುಂಬೈಯಲ್ಲಿ ಎರಡು ಗಂಟೆ ಆ ಮಾತೇ ಇಲ್ಲದೆ ಕೂರುವುದು ಎಂಥ ನೆಮ್ಮದಿ ಅಂತ ನಿಮಗೆ ಗೊತ್ತಿಲ್ಲ.

ಬ್ರಿಟಿಷರ ಕೋಟು-ಟೈ ಅಂದವರಿಗೆ ಒಂದು ಮಾತು. ಬ್ರಿಟಿಷರು ತಂದದ್ದು ಹೌದು, ಆದರೆ ನಮ್ಮವರಿಗೆ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಮಾಣೆಕ್‌ಜಿ ಕರ್ಸೆಟ್‌ಜಿ ಅಂತ ಮುಂಬೈಯ ಪಾರ್ಸಿ, ಮುಂದೆ ಇಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟಿದವರು. ಅವರು ಸೇರುತ್ತೇನೆ ಅಂದಾಗ ಇಲ್ಲಿಯ ಬಿಳಿಯರು ಬಾಗಿಲು ಹಾಕಿದರು. ಅವರು ಹಡಗು ಹತ್ತಿ ಹೋಗಿ ಪ್ಯಾರಿಸ್ಸಿನಲ್ಲಿ ಮೇಸನ್ ಆಗಿ ಬಂದರು! ಆಮೇಲೆ 1843ರಲ್ಲಿ ಜೇಮ್ಸ್ ಬರ್ನ್ಸ್ ಅನ್ನುವ ಸ್ಕಾಟಿಷ್ ಡಾಕ್ಟರ್ ಮುಂದೆ ನಿಂತು, ಭಾರತೀಯರೂ ಸೇರಲಿ ಅಂತಲೇ ಮುಂಬೈಯಲ್ಲಿ ಒಂದು ಲಾಡ್ಜ್ ಶುರು ಮಾಡಿದರು. ಹೆಸರು ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ.

ಹಿಂದೂಗಳಿಗೆ ಇನ್ನೂ ತಡವಾಯಿತು. ಇವರಿಗೆ ದೇವರು ಒಬ್ಬನೋ ನೂರೋ ಅನ್ನುವುದು ಬಿಳಿಯರ ತಕರಾರು. ಕಲ್ಕತ್ತೆಯಲ್ಲಿ ಪ್ರಸನ್ನ ಕುಮಾರ್ ದತ್ತ ಅನ್ನುವವರು ವರ್ಷಗಟ್ಟಲೆ ಪತ್ರ ಬರೆದು ಜಗಳ ಮಾಡಿ 1872ರಲ್ಲಿ ಸೇರಿದರು. ಅದಾಗಿ ಹನ್ನೆರಡು ವರ್ಷಕ್ಕೆ, 1884ರ ಫೆಬ್ರವರಿಯಲ್ಲಿ, ಅದೇ ಕಲ್ಕತ್ತೆಯ ಒಂದು ಲಾಡ್ಜಿಗೆ ನರೇಂದ್ರನಾಥ ದತ್ತ ಅನ್ನುವ ಹುಡುಗ ಸೇರಿದ. ನಮ್ಮ ಸ್ವಾಮಿ ವಿವೇಕಾನಂದರು. ಮೋತಿಲಾಲ್ ನೆಹರೂ ಕೂಡ ಮೇಸನ್, ಫಿರೋಜ್‌ಷಾ ಮೆಹ್ತಾ ಕೂಡ. ಗುಲಾಮಗಿರಿ ಅನ್ನುವ ಮುಂಚೆ ಈ ಹೆಸರುಗಳನ್ನು ಒಮ್ಮೆ ನೋಡಿ.

ಇಂಗ್ಲಿಷ್ ವಿಷಯ. ಒಳಗಿನ ವಿಧಿ ಎಲ್ಲ ಹಳೇ ಕಾಲದ ಇಂಗ್ಲಿಷ್, ಬಾಯಿಪಾಠ ಮಾಡಬೇಕು. ನಾನೂ ಕನ್ನಡ ಮೀಡಿಯಮ್ಮೇ. ಒಂದು ಉದ್ದನೆಯ ಭಾಗವನ್ನು ನಾಲ್ಕು ತಿಂಗಳು ಲೋಕಲ್‌ನಲ್ಲಿ ತುಟಿ ಅಲ್ಲಾಡಿಸುತ್ತಾ ಕಲಿತೆ. ದಿನಾ ಎದುರು ಕೂರುತ್ತಿದ್ದ ಒಬ್ಬ ಅಜ್ಜಿ ಒಂದು ದಿನ ಕೈಮುಗಿದು "ವಿಷ್ಣು ಸಹಸ್ರನಾಮವಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಇವತ್ತಿಗೂ ಅದೊಂದು ಸುಳ್ಳು ಚುಚ್ಚುತ್ತದೆ.

ದುಡ್ಡು ಲಾಡ್ಜಿಗೊಂದು ರೀತಿ. ಸೇರುವಾಗ ಒಂದು ಶುಲ್ಕ, ಆಮೇಲೆ ವರ್ಷಕ್ಕೊಂದು ವಂತಿಗೆ, ಪ್ರತಿ ಸಭೆಯ ನಂತರದ ಊಟದ ಖರ್ಚು, ದಾನಕ್ಕೆ ನಿಮ್ಮ ಇಷ್ಟ. ಸೂಟು ನಿಮ್ಮದೇ. ಕಾರ್ಯದರ್ಶಿಯನ್ನು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಮನೆಯ ಖರ್ಚಿಗೆ ಕತ್ತರಿ ಹಾಕಿ ಇಲ್ಲಿ ಕೊಡುವುದನ್ನು ನಾವೇ ಒಪ್ಪುವುದಿಲ್ಲ.

ಸಿಗುವುದೇನು ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ, ಈಗ ಊಟಕ್ಕೆ ಕರೆಯುತ್ತಿದ್ದಾರೆ.

ಕುರ್ಲಾ ಹೋಟೆಲಿನವ

ಮಾಮ, ನಿಮ್ಮ ಬರಹ ಪೂರ್ತಿ ಓದಿದೆ. ತಮಾಷೆ ಬಿಟ್ಟು ಹೇಳುತ್ತೇನೆ. ಮುಂಬೈಯಲ್ಲಿ ನಮಗೆ ಸಂಘಗಳು ಕಡಿಮೆಯಾ? ಮೊಗವೀರರದ್ದು 1902ರಿಂದ ಇದೆ, ಬಂಟರ ಸಂಘ 1927ರಿಂದ, ಬಿಲ್ಲವರದ್ದು 1932ರಿಂದ. ನಿಮ್ಮ ಮಾಟುಂಗಾದಲ್ಲೇ ಮೈಸೂರು ಅಸೋಸಿಯೇಷನ್ 1926ರಿಂದ ನಿಂತಿದೆ. ಊರಿಂದ ಬಂದ ಹುಡುಗನಿಗೆ ಕೆಲಸ, ರಾತ್ರಿ ಶಾಲೆ, ಸತ್ತರೆ ಹೆಣ ಊರಿಗೆ ಕಳಿಸುವುದು, ಎಲ್ಲ ಮಾಡಿದ್ದು ಇವರೇ. ಬ್ಯಾಂಕ್ ಕೂಡ ಕಟ್ಟಿದರು. ಇಷ್ಟಿದ್ದೂ ಬೇರೆಯವರ ಅಂಗಳದಲ್ಲಿ ಮೇಸನ್‌ಗಳ ಹಾಗೆ ಏಪ್ರನ್ ಕಟ್ಟಿಕೊಂಡು ಕೂರುವುದು ಯಾಕೆ? ಏಪ್ರನ್ ಬೇಕಿದ್ದರೆ ನನ್ನ ಅಡುಗೆಮನೆಗೆ ಬನ್ನಿ.

ಮುಲುಂಡ್ ಅಕ್ಕ

ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ. ನಾನು ಮೇಸನ್ ಒಬ್ಬರ ಹೆಂಡತಿ, 15 ವರ್ಷ ಆಯಿತು. ನಿಮ್ಮ ಮನೆಯವರಿಗೆ ಈ ಭಾಗ ಓದಿಸಿ.

ತಿಂಗಳಿಗೊಂದು ಸಭೆ ಅನ್ನುತ್ತಾರೆ. ನಂಬಬೇಡಿ. ಸಭೆ ಒಂದು, ಅದಕ್ಕೆ ಮುಂಚೆ ತಾಲೀಮು, ಬೇರೆ ಲಾಡ್ಜಿನವರು ಕರೆದರೆ ಅಲ್ಲಿಗೊಂದು ಭೇಟಿ. ಪದವಿಗೇರಿದ ಹಾಗೆಲ್ಲ ಜಾಸ್ತಿಯಾಗುತ್ತದೆ. ನಮ್ಮವರು ಗುರುಪೀಠಕ್ಕೆ ಬಂದ ವರ್ಷ, ಅಂದರೆ ವರ್ಷದ ಮಟ್ಟಿಗೆ ಅಧ್ಯಕ್ಷರಾದಾಗ, ಮಗಳ ಹತ್ತನೇ ಕ್ಲಾಸು. ಆ ವರ್ಷದ ಜಗಳ ಇಲ್ಲಿ ಬರೆಯುವುದಿಲ್ಲ.

ಚಪ್ಪಟೆ ಚರ್ಮದ ಪೆಟ್ಟಿಗೆಯೊಂದು ಕಪಾಟಿನ ಮೇಲಿದೆ. ಅದರಲ್ಲಿ ಏಪ್ರನ್. ಅದನ್ನು ನಾನು ಮುಟ್ಟಬಾರದು ಅಂತೇನಿಲ್ಲ, ಆದರೆ ಒಗೆಯಲು ಕೊಡುವುದಿಲ್ಲ. ಬಿಳಿ ಗ್ಲೌಸ್ ಮಾತ್ರ ನನ್ನ ಪಾಲು. ಊಟದ ದಿನ ಅದಕ್ಕೆ ಅರಿಶಿನ ಅಂಟಿಕೊಂಡು ಬರುತ್ತದೆ. ಗುಟ್ಟಿನ ಸಂಘದವರಿಗೆ ಗ್ಲೌಸ್ ಬಿಚ್ಚಿ ಊಟ ಮಾಡುವ ಬುದ್ಧಿ ಬೇಡವಾ?

ಇಷ್ಟೆಲ್ಲ ಬೈದೆ. ಆದರೆ ಮೂರು ವರ್ಷದ ಹಿಂದೆ ಇವರಿಗೆ ಆಪರೇಷನ್ ಆಯಿತು. ಸತತ ಒಂಬತ್ತು ರಾತ್ರಿ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಒಬ್ಬೊಬ್ಬರು ಸರದಿ ಹಾಕಿಕೊಂಡು ಕೂತರು. ಅದರಲ್ಲಿ ಇಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಒಬ್ಬರು 70 ದಾಟಿದವರು, ಥರ್ಮಾಸಿನಲ್ಲಿ ಚಹಾ ತರುತ್ತಿದ್ದರು. ನನ್ನನ್ನು ಮನೆಗೆ ಕಳಿಸಿ ಮಲಗಿಸಿದರು. ಅವತ್ತಿನಿಂದ ಗ್ಲೌಸ್ ಸುಮ್ನೆ ಒಗೆದುಕೊಡುತ್ತೇನೆ.

ಥಾಣೆ ತಲಾವ್

ಅಕ್ಕನ ಮಾತು ಒಪ್ಪುತ್ತೇನೆ. ಆದರೆ ಇನ್ನೊಂದು ಮುಖವೂ ಕೇಳಿ. ನಾನು ನಾಲ್ಕು ವರ್ಷ ಇದ್ದು ಬಿಟ್ಟೆ. ಯಾವ ಲಾಡ್ಜ್ ಅಂತ ಹೇಳುವುದಿಲ್ಲ.

ನನ್ನನ್ನು ಸೇರಿಸಿದವರೇ ಮೂರನೇ ತಿಂಗಳಿಗೆ ಒಂದು ಪಾಲಿಸಿ ತಂದು ಮುಂದಿಟ್ಟರು. "ಬ್ರದರ್ ಅಲ್ವಾ" ಅಂದರು. ಆ ಮಾತಿನ ಮುಂದೆ ಇಲ್ಲ ಅನ್ನಲಾಗಲಿಲ್ಲ, ತೆಗೆದುಕೊಂಡೆ. ಆಮೇಲೆ ಇನ್ನೊಬ್ಬರು ಮಗನ ಸ್ಟಾರ್ಟಪ್‌ಗೆ ದುಡ್ಡು ಕೇಳಿದರು. ಅಧ್ಯಕ್ಷರ ಕುರ್ಚಿಯ ಸಾಲಿನಲ್ಲಿ ಯಾರ ನಂತರ ಯಾರು ಅನ್ನುವುದರ ಮೇಲೆ ಸೊಸೈಟಿ ಚುನಾವಣೆಯ ಹಾಗೆ ಗುಂಪುಗಾರಿಕೆ. ಒಳಗೆ ಎಲ್ಲರೂ ಸಮಾನರು, ಕಲ್ಲು ಕೆತ್ತಿದ ಹಾಗೆ ಮನಸ್ಸನ್ನು ಕೆತ್ತಿಕೊಳ್ಳಿ ಅನ್ನುತ್ತಾರೆ. ಹೊರಗೆ ಪಾರ್ಕಿಂಗಿನಲ್ಲಿ ನಿಂತು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ.

ಬಿಡುವಾಗ ಏನಾಗುತ್ತದೆ ಅಂತ ಹೆದರಬೇಡಿ. ವಿಡಿಯೋದಲ್ಲಿ ತೋರಿಸುವ ಹಾಗೆ ಯಾರೂ ಶಾಪ ಹಾಕಲಿಲ್ಲ. ಬಾಕಿ ಚುಕ್ತಾ ಮಾಡಿ ಒಂದು ರಾಜೀನಾಮೆ ಪತ್ರ ಕೊಟ್ಟೆ. ಕಾರ್ಯದರ್ಶಿ ಇನ್ನೂ ದೀಪಾವಳಿಗೆ ಮೆಸೇಜ್ ಮಾಡುತ್ತಾರೆ.

ಮಾಟುಂಗಾ ಮಾಮ

ಥಾಣೆಯವರೇ, ನಿಮಗಾದದ್ದು ತಪ್ಪು. ನೀವು ಫಾರಮ್ಮಿಗೆ ಸಹಿ ಹಾಕುವಾಗ, ದುಡ್ಡಿನ ಲಾಭಕ್ಕೆ ಸೇರುತ್ತಿಲ್ಲ ಅಂತ ಬರೆಸಿಕೊಂಡಿರುತ್ತಾರೆ. ಅದು ಸೇರಿಸಿದವರಿಗೂ ಅನ್ವಯಿಸಬೇಕಲ್ಲ. ಇಂಥವರು ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ನನ್ನ 26 ವರ್ಷದಲ್ಲಿ ವಿಸಿಟಿಂಗ್ ಕಾರ್ಡ್ ಹಿಡಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಬಹಳ ಜನ ಎರಡು ವರ್ಷ ನಿಲ್ಲುವುದಿಲ್ಲ. ಯಾಕೆಂದರೆ ಉದ್ದುದ್ದ ಇಂಗ್ಲಿಷ್ ಬಾಯಿಪಾಠ ಮಾಡಿ, ಒಂದೇ ವಿಧಿಯನ್ನು ಮತ್ತೆ ಮತ್ತೆ ನೋಡಿ, ತಣ್ಣಗಾದ ಊಟ ಮಾಡಿ ಗಿರಾಕಿ ಹಿಡಿಯುವುದಕ್ಕಿಂತ ಸುಲಭದ ದಾರಿಗಳು ಈ ಊರಿನಲ್ಲಿವೆ.

ಕುರ್ಲಾದವರು ಕೇಳಿದ್ದಕ್ಕೂ ಇಲ್ಲೇ ಹೇಳುತ್ತೇನೆ. ನಾನೂ ಮೈಸೂರು ಅಸೋಸಿಯೇಷನ್ ಮೆಂಬರ್. ನಾಟಕ ಇದ್ದರೆ ಮೊದಲ ಸಾಲಿನಲ್ಲಿರುತ್ತೇನೆ. ಅಲ್ಲಿ ಬಾಗಿಲಲ್ಲೇ "ನಿಮ್ಮದು ಯಾವೂರು" ಅಂತ ಕೇಳುತ್ತಾರೆ, ಅರ್ಧ ಗಂಟೆಯಲ್ಲಿ ನಮ್ಮ ಅತ್ತೆಯ ಕಡೆಯ ನೆಂಟಸ್ತನ ಹುಡುಕಿಬಿಡುತ್ತಾರೆ. ಅದು ಬೇಕು. ಆದರೆ ನನಗೆ 35 ವರ್ಷ ಆಗುವವರೆಗೆ, ನನ್ನ ಊರು, ಭಾಷೆ, ಬ್ಯಾಂಕು ಈ ಮೂರರಲ್ಲಿ ಒಂದೂ ಹೊಂದದ ಒಬ್ಬನೇ ಒಬ್ಬ ಸ್ನೇಹಿತ ಇರಲಿಲ್ಲ. ಮುಂಬೈಯಲ್ಲಿ ಇದ್ದು! ಆ ಬೋಹ್ರಾ ಗೆಳೆಯನ ಮಗಳ ಮದುವೆಯಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಎಂಟು ಜನ ಕೂತು ಉಂಡೆವು. ನನಗಾಗಿ ಅವರು ಸಸ್ಯಾಹಾರದ್ದೇ ಒಂದು ತಟ್ಟೆ ಮಾಡಿಸಿ, ಉಳಿದ ಏಳು ಜನರೂ ಅದರಲ್ಲೇ ಉಂಡರು. ಬಿರಿಯಾನಿ ಪಕ್ಕದ ತಟ್ಟೆಗಳಲ್ಲಿ ಹೋಗುತ್ತಿದ್ದರೂ ಒಬ್ಬರೂ ಎದ್ದು ಹೋಗಲಿಲ್ಲ. ಸಿಗುವುದೇನು ಅಂತ ಕೇಳಿದ್ದಿರಲ್ಲ, ನನಗೆ ಸಿಕ್ಕಿದ್ದು ಇದು.

ಏಪ್ರನ್ ಬಗ್ಗೆ: ಅದು ಕುರಿಮರಿಯ ಚರ್ಮದ ಬಿಳಿ ಏಪ್ರನ್, ಕಲ್ಲು ಕೆಲಸದವರು ಕಟ್ಟಿಕೊಳ್ಳುತ್ತಿದ್ದದ್ದರ ನೆನಪಿಗೆ. ಎಷ್ಟೇ ದೊಡ್ಡ ಆಫೀಸರ್ ಆದರೂ ಮೊದಲ ದಿನ ಅವನಿಗೆ ಸಿಗುವುದು ಒಬ್ಬ ಕೆಲಸಗಾರನ ಏಪ್ರನ್. ನಿಮ್ಮ ಅಡುಗೆಮನೆಯದ್ದಕ್ಕಿಂತ ತುಂಬಾ ದೂರದ್ದೇನಲ್ಲ.

ಮಜಗಾಂವ್ ಮಂಗ್ಳೂರಿ

ನಾನು ಕ್ಯಾಥೊಲಿಕ್. ಹತ್ತು ವರ್ಷದ ಹಿಂದೆ ನನಗೂ ಇದೇ ಆಸೆ ಬಂದಿತ್ತು. ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದುಕೊಂಡಿರಲಿ. ಲಾಡ್ಜಿನವರಿಗೆ ನಮ್ಮ ಬಗ್ಗೆ ತಕರಾರಿಲ್ಲ, ಇಗರ್ಜಿಗೆ ಅವರ ಬಗ್ಗೆ ತಕರಾರಿದೆ. ಪೋಪ್ 1738ರಲ್ಲೇ ಬೇಡ ಅಂದದ್ದು. 1983ರಲ್ಲಿ ರೋಮಿನಿಂದ ಮತ್ತೆ ಸ್ಪಷ್ಟ ಮಾಡಿದರು: ಸೇರಿದವರು ಕಮ್ಯುನಿಯನ್, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಳ್ಳುವಂತಿಲ್ಲ. ಈಗೆಲ್ಲ ಸಡಿಲ ಆಗಿದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ, 2023ರ ನವೆಂಬರಿನಲ್ಲೂ ಅದನ್ನೇ ಹೇಳಿದ್ದಾರೆ.

ನಾನು ಪಾದ್ರಿಗಳನ್ನು ಕೇಳಿದೆ. "ನಿನ್ನ ಅಮ್ಮನ ಎದುರು ಕೂತು ಇದನ್ನು ಹೇಳಬಲ್ಲೆಯಾ?" ಅಂದರು ಅಷ್ಟೇ. ಅಮ್ಮ ದಿನಾ ಬೆಳಗ್ಗೆ ಪೂಜೆಗೆ ಹೋಗುವವಳು. ಫಾರಮ್ ಹರಿದೆ. ಬೇಸರ ಇದೆಯಾ ಅಂದರೆ, ಸ್ವಲ್ಪ ಇದೆ. ಭಾನುವಾರ ಕ್ರಿಕೆಟ್ ಆಡುವ ಗುಂಪು ಸೇರಿಕೊಂಡೆ.

ವಾಸ್ಕೊ ಬಂದರು

ಗೋವಾದಿಂದ ಒಂದು ಮಾತು. ನಾನು ಕಾರವಾರದವನು, ಇಲ್ಲಿ ಬಂದರಿನ ಕೆಲಸ. ಪೋರ್ಚುಗೀಸರ ಕಾಲದಲ್ಲಿ ಇದು ಇಲ್ಲಿ ಅಪರಾಧವೇ ಆಗಿತ್ತು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜರ್ ಸರ್ಕಾರ 1935ರಲ್ಲಿ ಗುಪ್ತ ಸಂಘಗಳನ್ನು ನಿಷೇಧಿಸುವ ಕಾನೂನು ತಂದಿತು. ಭಾರತದವರದ್ದೇ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ದೆಹಲಿಯಲ್ಲಿ ಸ್ಥಾಪನೆಯಾದದ್ದು 1961ರ ನವೆಂಬರ್ 24ಕ್ಕೆ. ಗೋವಾ ಬಿಡುಗಡೆಯಾದದ್ದು ಅದೇ ವರ್ಷ ಡಿಸೆಂಬರ್ 19ಕ್ಕೆ. ಒಂದು ತಿಂಗಳೂ ಅಂತರವಿಲ್ಲ, ನೋಡಿ. ಪಾಕಿಸ್ತಾನದಲ್ಲಿ 1972ರಲ್ಲಿ ನಿಷೇಧ ಮಾಡಿದರು. ಸರ್ವಾಧಿಕಾರಿಗಳಿಗೆ ಬಾಗಿಲು ಹಾಕಿಕೊಂಡು ಕೂರುವವರನ್ನು ಕಂಡರೆ ಯಾವತ್ತೂ ಆಗುವುದಿಲ್ಲ.

ಪುಣೆಕರ ಹುಬ್ಬಳ್ಳಿ

ಬಾಗಿಲು ಹಾಕ್ಕೊಂಡು ಕುಂದರೋರನ್ನ ಕಂಡ್ರ ನನಗೂ ಆಗಂಗಿಲ್ರಿ, ನಾ ಏನ್ ಸರ್ವಾಧಿಕಾರಿ ಏನು? 😀 ಮಾಮಾರ ಎಲ್ಲಾ ಹೇಳಿದ್ರು, ಒಳಗ ಏನ್ ಮಾಡ್ತಾರ ಅಂತ ಮಾತ್ರ ಹೇಳ್ಲಿಲ್ಲ. ಒಳ್ಳೇದ ಆಗಿದ್ರ ಮುಚ್ಚಿಡೋದ್ಯಾಕ?

ಮಾಟುಂಗಾ ಮಾಮ

ನ್ಯಾಯವಾದ ಪ್ರಶ್ನೆ. ಒಳಗೆ ನಡೆಯುವುದು ಒಂದು ರೀತಿಯ ನಾಟಕ. ಮೂರು ಮೆಟ್ಟಿಲು: ಕಲಿಯುವವನು, ಜೊತೆ ಕೆಲಸಗಾರ, ಪಳಗಿದ ಮೇಸ್ತ್ರಿ. ಕಪ್ಪು-ಬಿಳಿ ಚೌಕದ ನೆಲ. ಅಧ್ಯಕ್ಷರು ಪೂರ್ವದಲ್ಲಿ, ಅವರ ಕೈಕೆಳಗಿನ ಇಬ್ಬರು ಪಶ್ಚಿಮ ಮತ್ತು ದಕ್ಷಿಣದಲ್ಲಿ. ಬಾಗಿಲ ಹೊರಗೆ ಕತ್ತಿ ಹಿಡಿದು ಒಬ್ಬರು. ಒಂದು ಒರಟು ಕಲ್ಲು, ಒಂದು ನಯ ಮಾಡಿದ ಕಲ್ಲು. 24 ಅಂಗುಲದ ಅಳತೆಗೋಲು, ದಿನದ 24 ಗಂಟೆ ಹೇಗೆ ಹಂಚಿಕೊಳ್ಳಬೇಕು ಅಂತ ನೆನಪಿಸಲು. ಮಟ್ಟ, ತೂಗುಗುಂಡು, ಕರಣೆ, ಒಂದೊಂದಕ್ಕೂ ಒಂದು ಪಾಠ. ಇಷ್ಟೆಲ್ಲ ಪುಸ್ತಕಗಳಲ್ಲೇ ಸಿಗುತ್ತದೆ. ಒಬ್ಬರನ್ನೊಬ್ಬರು ಗುರುತಿಸುವ ಸನ್ನೆ, ಮಾತು ಮಾತ್ರ ಹೇಳುವುದಿಲ್ಲ ಅಂತ ಪ್ರಮಾಣ ಮಾಡಿದ್ದೇನೆ. ಅದನ್ನೂ ಅಂತರ್ಜಾಲದಲ್ಲಿ ಯಾರೋ ಹಾಕಿದ್ದಾರೆ, ಗೊತ್ತು. ಆದರೂ ನನ್ನ ಬಾಯಿಂದ ಬರುವುದಿಲ್ಲ. ಕೊಟ್ಟ ಮಾತು ಅಂದರೆ ಹಾಗೇ ಅಲ್ವಾ. ಬೇರೆಯವರು ಹೇಳಿದರು ಅಂತ ನಾನೂ ಹೇಳಿದರೆ ಪ್ರಮಾಣ ಮಾಡಿದ್ದು ಯಾಕೆ?

ಮೊದಲ ದಿನದ ವಿವರ ಓದಬೇಡಿ ಅಂತ ಹೊಸಬರಿಗೆ ಹೇಳುತ್ತೇನೆ. ಸಿನಿಮಾದ ಕೊನೆ ಗೊತ್ತಿದ್ದು ಹೋದ ಹಾಗಾಗುತ್ತದೆ.

ಮುಲುಂಡ್ ಅಕ್ಕ

ಹೆಂಗಸರಿಗೆ ಯಾಕಿಲ್ಲ ಅಂತ ಒಬ್ಬರೂ ಕೇಳಲಿಲ್ಲ, ನೋಡಿ.

ಮಾಟುಂಗಾ ಮಾಮ

ತಪ್ಪಾಯಿತಮ್ಮ. ನಮ್ಮ ಲಾಡ್ಜುಗಳಲ್ಲಿ ಇಲ್ಲ, ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವೂ ಇಲ್ಲ. ಹಳೇ ನಿಯಮ ಅನ್ನುವುದು ಬಿಟ್ಟರೆ. ಗಂಡು-ಹೆಣ್ಣು ಒಟ್ಟಿಗೆ ಸೇರುವ ಬೇರೆ ಪಂಗಡ ಫ್ರಾನ್ಸಿನಲ್ಲಿ 1893ರಲ್ಲಿ ಶುರುವಾಯಿತು. ಅದನ್ನು ಭಾರತದಲ್ಲಿ ಬೆಳೆಸಿದವರು ಆನಿ ಬೆಸೆಂಟ್. ನಮ್ಮವರು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಲುಂಡ್ ಅಕ್ಕ

ಗೊತ್ತು. ಗ್ಲೌಸ್ ಒಗೆಯಲು ಲೆಕ್ಕಕ್ಕೆ ಹಿಡಿಯುತ್ತಾರೆ.

ಥಾಣೆ ತಲಾವ್

ಇನ್ನೊಂದು ಎಚ್ಚರಿಕೆ, ಮರೆತಿದ್ದೆ. ವಾಟ್ಸಾಪ್, ಫೇಸ್‌ಬುಕ್‌ನಲ್ಲಿ "ಇಲ್ಯುಮಿನಾಟಿ ಸೇರಿ, ಕೋಟ್ಯಧಿಪತಿ ಆಗಿ" ಅಂತ ಯಾವುದೋ ಗುಪ್ತ ಸಂಘದ ಹೆಸರಿನಲ್ಲಿ ಬರುತ್ತದಲ್ಲ, ಮೇಸನ್ ಗುರುತನ್ನೂ ಹಾಕಿಕೊಂಡಿರುತ್ತಾರೆ. ಅದು ಪಕ್ಕಾ ಮೋಸ. ನನ್ನ ಭಾವನ ಮಗ ರಿಜಿಸ್ಟ್ರೇಷನ್ ಅಂತ 5,000 ಕಳಿಸಿದ. ಆಮೇಲೆ ಉಂಗುರದ ಕೊರಿಯರ್‌ಗೆ ಅಂತ ಇನ್ನೂ 3,000. ಉಂಗುರವೂ ಬರಲಿಲ್ಲ, ನಂಬರೂ ಹತ್ತಲಿಲ್ಲ. ನಿಜವಾದ ಲಾಡ್ಜ್ ನಿಮ್ಮ ಮುಖ ನೋಡದೆ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ.

ಡೊಂಬಿವಲಿ ಫಾಸ್ಟ್

ಎಲ್ಲ ಓದಿದೆ, ಮನೆಯಲ್ಲೂ ಓದಿಸಿದೆ. ಅಕ್ಕನ ಗ್ಲೌಸ್ ಭಾಗವನ್ನು ಎರಡು ಸಲ ಓದಿದಳು.

ಮಾಮ, ನೀವು ಬರೆದ ಮೇಲೆ ನನಗೇ ಒಂದು ಅನುಮಾನ ಬಂತು. ನಾನು ಯಾಕೆ ಕೇಳುತ್ತಿದ್ದೇನೆ ಅಂತ. ಉಂಗುರ ನೋಡಿದೆ ಅಂದೆನಲ್ಲ, ಅದು ಅರ್ಧ ಸತ್ಯ. ಆ ಗುರುತು ನನಗೆ ಮೊದಲೇ ಗೊತ್ತಿತ್ತು.

ನಮ್ಮ ಅಪ್ಪಯ್ಯ ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದವರು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. 70ರ ದಶಕ. ಸ್ಟರ್ಲಿಂಗ್ ಥಿಯೇಟರಿನ ಹತ್ತಿರದ ಆ ಮೇಸನ್ ಹಾಲ್‌ಗೆ ಚಹಾ ಕೊಂಡೊಯ್ಯುವುದು ಅವರ ಕೆಲಸವಾಗಿತ್ತು. ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು. ಬಾಗಿಲ ಹತ್ತಿರದ ದರವಾನ ಅಲ್ಲೇ ಇಡಿಸಿಕೊಳ್ಳುತ್ತಿದ್ದ, ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಹೋಟೆಲಿನ ಹುಡುಗರೆಲ್ಲ ಅದನ್ನು ಜಾದೂಘರ್ ಅನ್ನುತ್ತಿದ್ದರಂತೆ. ಒಳಗೆ ತಲೆಬುರುಡೆ ಇದೆ, ರಾತ್ರಿ ಮಾತಾಡುತ್ತದೆ ಅಂತ. ಚಿಕ್ಕವನಿದ್ದಾಗ ನಾನು ಊಟ ಮಾಡದೆ ಹಟ ಹಿಡಿದರೆ ಅಪ್ಪಯ್ಯ ಆ ಗುರುತನ್ನು ತಟ್ಟೆಯ ಸಾರಿನಲ್ಲಿ ಬೆರಳಿಂದ ಬರೆದು "ಜಾದೂಘರದವರನ್ನು ಕರೀಲಾ?" ಅನ್ನುತ್ತಿದ್ದರು. ಉಣ್ಣುತ್ತಿದ್ದೆ.

ಅವರು ಹೋಗಿ ಎರಡು ವರ್ಷ ಆಯಿತು. ಆಡಿಟರ್ ಕೈಯಲ್ಲಿ ಉಂಗುರ ನೋಡಿದ್ದು ಅದಾಗಿ ಸ್ವಲ್ಪ ದಿನಕ್ಕೆ.

ಇದು ಸೇರಲು ಒಂದು ಕಾರಣವಾ ಅಂತ ಗೊತ್ತಿಲ್ಲ.

ಕುರ್ಲಾ ಹೋಟೆಲಿನವ

ಮಾರಾಯ್ರೆ. ನನ್ನ ಅಪ್ಪನೂ ಫೋರ್ಟ್‌ನಲ್ಲೇ, ಅದೇ ಕಾಲ. ಒಂದೇ ಹೋಟೆಲ್ ಆಗಿದ್ದರೂ ಆಗಿರಬಹುದು. ನಾನು ಮೊದಲು ಹೇಳಿದ್ದು ವಾಪಸ್. ಹೋಗಿ, ಮೆಟ್ಟಿಲು ಹತ್ತಿ.

ಪುಣೆಕರ ಹುಬ್ಬಳ್ಳಿ

ಹೋಗ್ರಿ. ತಲೆಬುರುಡಿ ಇದ್ರ ಒಂದು ಫೋಟೋ ಹಾಕ್ರಿ ಅಷ್ಟ.

ಮಾಟುಂಗಾ ಮಾಮ

ಕಾರಣವಾ ಅಂತ ಸಂದರ್ಶನದಲ್ಲಿ ಕೇಳುತ್ತಾರೆ. ಇಲ್ಲಿ ಬರೆದ ಹಾಗೇ ಹೇಳಿ, ಇಂಗ್ಲಿಷ್ ಸಾಲದಿದ್ದರೆ ಹಿಂದಿಯಲ್ಲಿ ಹೇಳಿ. ಆದರೆ ಒಂದು ತಿಳಿದಿರಲಿ. ಮೆಟ್ಟಿಲು ಹತ್ತಿದ ಆಸೆ ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ಹತ್ತು ವರ್ಷ ತಿಂಗಳು ತಿಂಗಳು ಹತ್ತಬೇಕು. ಬರೀ ಒಳಗೆ ನೋಡುವ ಆಸೆಯಾದರೆ ಸೇರುವುದೇ ಬೇಡ, ನಿಮ್ಮ ಆಡಿಟರನ್ನು ಕೇಳಿ. ಸಭೆ ಇಲ್ಲದ ದಿನ ಕರೆದುಕೊಂಡು ಹೋಗಿ ತೋರಿಸಿಯಾರು.

ಡೊಂಬಿವಲಿ ಫಾಸ್ಟ್

ಮಾಮ ಹೇಳಿದ ಹಾಗೇ ಮಾಡಿದೆ. ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಆಡಿಟರ್ ಸಾಹೇಬರು ಒಂದು ಶನಿವಾರ ಮಧ್ಯಾಹ್ನ ಕರೆದುಕೊಂಡು ಹೋದರು. ಮೆಟ್ಟಿಲು ಮರದ್ದು, ನಡುವೆ ಸವೆದಿದೆ. ಒಳಗೆ ಹಳೇ ಪುಸ್ತಕದ, ಪಾಲಿಷಿನ ವಾಸನೆ. ಕಪ್ಪು-ಬಿಳಿ ನೆಲದ ಮೇಲೆ ಒಬ್ಬ ಹುಡುಗ ಕೂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದ. ಹೊರಗೆ ಬಂದ ಮೇಲೆ ಸಾಹೇಬರು ಪಕ್ಕದ ಗಾಡಿಯಲ್ಲಿ ಕಟಿಂಗ್ ಚಹಾ ಕುಡಿಸಿದರು. ಇಷ್ಟಕ್ಕೇ ಸಾಕಾ ಅಂತ ಮೂರು ವಾರ ಯೋಚಿಸಿದೆ. ಸಾಕಾಗಲಿಲ್ಲ. ಯಾಕೆ ಅಂತ ನೀಟಾಗಿ ಹೇಳಲು ಬರುವುದಿಲ್ಲ. ಆ ಮನುಷ್ಯನ ಜೊತೆ ಚಹಾ ಕುಡಿದದ್ದು ಇಷ್ಟವಾಯಿತು, ಅಂಥ ಇನ್ನೂ ನಾಲ್ಕು ಜನ ಇದ್ದರೆ ಒಳ್ಳೆಯದು ಅನ್ನಿಸಿತು. ಮನೆಯಿಂದ ಕೆಲಸ ಶುರುವಾದ ಮೇಲೆ ನನಗೆ ಚಹಾಕ್ಕೆ ಜೊತೆ ಅಂತ ಯಾರೂ ಇಲ್ಲ, ಅದು ಇವತ್ತು ಬರೆಯುವಾಗ ಹೊಳೆಯುತ್ತಿದೆ.

ಫಾರಮ್ ಕೊಟ್ಟೆ. ಸಹಿ ಹಾಕಿದವರು ಇಬ್ಬರು, ಒಬ್ಬರು ಸಾಹೇಬರು, ಇನ್ನೊಬ್ಬರು ಅವರ ಗೆಳೆಯ. ಆಮೇಲೆ ಮೂರು ಜನ ಡೊಂಬಿವಲಿಯ ಮನೆಗೇ ಬಂದರು. ಹೆಂಡತಿ ಗೋಳಿಬಜೆ ಮಾಡಿದ್ದಳು. ನನಗೆ ಕೇಳಿದ್ದು ನಾಲ್ಕೇ ಪ್ರಶ್ನೆ: ದೇವರನ್ನು ನಂಬುತ್ತೀರಾ, ಸಾಲ ಇದೆಯಾ, ಕೇಸು ಇದೆಯಾ, ಯಾಕೆ ಸೇರಬೇಕು. ಅಪ್ಪಯ್ಯನ ಕತೆ ಹೇಳಿದೆ. ಅವರಲ್ಲಿ ಹಿರಿಯರು ಚಹಾದ ಲೋಟ ಕೆಳಗಿಟ್ಟರು, ಏನೂ ಹೇಳಲಿಲ್ಲ.

ಉಳಿದ ಹೊತ್ತೆಲ್ಲ ಅವಳನ್ನೇ ಕೇಳಿದರು. ನಿಮಗೆ ಒಪ್ಪಿಗೆ ಇದೆಯಾ, ಯಾರಾದರೂ ಒತ್ತಾಯ ಮಾಡಿದರಾ, ಸಂಜೆ ತಡವಾದರೆ ತೊಂದರೆಯಾ. ಅವಳು ಕೇಳಿದ್ದು ಒಂದೇ. "ಊಟದ ಮುಂಚೆ ಗ್ಲೌಸ್ ಬಿಚ್ಚುತ್ತೀರಾ?" ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ, ಇದಕ್ಕೆ ನೀವೇ ಹೊಣೆ.

ಮುಂದಿನ ತಿಂಗಳು ವೋಟು. ಡಬ್ಬಿಯೊಳಗೆ ಕೈ ಹಾಕಿ ಬಿಳಿ ಗುಂಡು ಇಲ್ಲವೇ ಕಪ್ಪು ಗುಂಡು ಬಿಡುತ್ತಾರಂತೆ. ಯಾರು ಯಾವುದು ಹಾಕಿದರು ಅಂತ ಗೊತ್ತಾಗುವುದಿಲ್ಲ. ಬೆರಳೆಣಿಕೆಯ ಕಪ್ಪು ಬಿದ್ದರೂ ಮುಗಿಯಿತು. ಬಿದ್ದರೆ ಬಿತ್ತು.

ಈಗ ಒಂದು ಸಣ್ಣ ಸಹಾಯ. ಕಪ್ಪು ಸೂಟು ಮದುವೆಯದ್ದಿದೆ, ಸೊಂಟದಲ್ಲಿ ಸ್ವಲ್ಪ ಬಿಡಿಸಬೇಕು. ಸಾದಾ ಕಪ್ಪು ಟೈ ಇಲ್ಲ. ಫೋರ್ಟ್‌ ಕಡೆ ಅಗ್ಗಕ್ಕೆ ಎಲ್ಲಿ ಸಿಗುತ್ತದೆ?

ಮಾಟುಂಗಾ ಮಾಮ

ವೋಟು ಆಗಲಿ, ಆಮೇಲೆ ಟೈ. ನನ್ನ ಹತ್ತಿರ ಮೂರಿವೆ.

ಕುರ್ಲಾ ಹೋಟೆಲಿನವ

ಫ್ಯಾಶನ್ ಸ್ಟ್ರೀಟ್. ಅರ್ಧ ಬೆಲೆಗೆ ಕೇಳಿ, ಕೊಡದಿದ್ದರೆ ನಡೆಯುತ್ತಾ ಇರಿ, ಹಿಂದೆ ಓಡಿಬರುತ್ತಾನೆ.